ಜೊತೆಗೆ ಬರುವವರು

ಮೊನ್ನೆ ಪುತ್ತೂರಿನಿಂದ ಹೊರಟ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ಗಂಡನ ತೋಳಿಗೆ ಅಂಟಿಸಿದ್ದ ಹತ್ತಿಯನ್ನು ಮೆಲ್ಲನೆ ಎತ್ತಿ, ರಕ್ತ ನಿಂತಿದೆಯೋ ಎಂದು ನೋಡಿ, ಮತ್ತೆ ಒತ್ತಿ ಅಂಟಿಸಿದರು. ಮಳೆಗೆ ಬಸ್ಸಿನ ಶಟರುಗಳನ್ನೆಲ್ಲ ಇಳಿಸಿದ್ದರು. ಒದ್ದೆ ಕೊಡೆಗಳ ವಾಸನೆಯ ನಡುವೆ ಸ್ಪಿರಿಟ್ಟಿನ ವಾಸನೆ ನನ್ನವರೆಗೆ ಬಂತು. ಇಳಿಯಬೇಕಾದ ನಿಲ್ದಾಣ ದಾಟಿ ಹೋದದ್ದು ನನಗೆ ತಿಳಿಯಲೇ ಇಲ್ಲ. ಕಂಡಕ್ಟರ್ ಕೇಳಿದ ಮೇಲೆ ಇಳಿದು, ಯಾವುದೋ ಅಂಗಡಿಯ ಜಗಲಿಯಲ್ಲಿ ನಿಂತು ವಾಪಸು ಹೋಗುವ ಬಸ್ಸಿಗೆ ಕಾದೆ. ನಡುವೆ ಕೆಲವು ಮಳೆಗಾಲಗಳು ಬಂದು ಹೋಗಿವೆ. ಆದರೂ ಆ ವಾಸನೆ ಬಂದರೆ ನಾನು ಇದ್ದಲ್ಲಿ ಇರುವುದಿಲ್ಲ.

ಆ ವರ್ಷದ ಮಳೆಗಾಲದ ಬಹುಪಾಲನ್ನು ನಾನು ಪುತ್ತೂರಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನಲ್ಲಿ, ಗಂಡನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ತೊಡೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಳೆದೆ.

ದಿನೇಶ್ ಐವರ್ನಾಡಿನವರು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಸಣ್ಣ ಆಫೀಸೊಂದರಲ್ಲಿ ಅಂಗಡಿಗಳಿಗೆ, ಸೊಸೈಟಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ಅವರದು. ನಾನು ಸುಳ್ಯದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಮದುವೆಯ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ. ನಮ್ಮ ಮದುವೆಯ ಕಾಗದವನ್ನು ಟೈಪ್ ಮಾಡಿದ್ದೂ ನಾನೇ. ಮದುವೆಯಾಗಿ ಮೂರನೆಯ ವರ್ಷ ಅವರ ಎರಡು ಕಿಡ್ನಿಗಳೂ ಸೋತವು. ಮೊದಲು ಕಾಲು ಊದಿತು, ಆಮೇಲೆ ಅನ್ನ ಸೇರದಾಯಿತು. ಪರೀಕ್ಷೆ ಮಾಡಿಸಿದಾಗ ಡಾಕ್ಟರು ನಮ್ಮಿಬ್ಬರನ್ನೂ ಕುಳ್ಳಿರಿಸಿ ಮೆತ್ತಗೆ ಹೇಳಿದರು. ಹೊರಗೆ ಬಂದು ದಿನೇಶ್ ಆಡಿದ ಮೊದಲ ಮಾತು, "ಒಂದು ಚಾ ಕುಡಿದು ಹೋಗುವ." ಕುಡಿಯುವುದಕ್ಕೆ ಇನ್ನು ಲೆಕ್ಕ ಉಂಟು ಎಂದು ಆಗಷ್ಟೇ ಕೇಳಿಸಿಕೊಂಡು ಬಂದಿದ್ದೆವು.

ಡಯಾಲಿಸಿಸ್ಸಿನ ಸೂಜಿಗೆಂದು ಅವರ ಎಡಗೈಯಲ್ಲಿ ಎರಡು ನರ ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ತೋಡು ಹರಿಯುವ ಹಾಗೆ ಜುಮುಜುಮು ಎನ್ನುತ್ತಿತ್ತು. ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದ ಮೇಲೆ ಆ ಕೈಯನ್ನು ನಾಲ್ಕು ಗಂಟೆ ಅಲುಗಿಸುವ ಹಾಗಿಲ್ಲ. ಮೊದಮೊದಲು ಅವರು ಬಲಗೈಯಿಂದ ಮಾತ್ರ ಟೈಪ್ ಮಾಡಲು ನೋಡಿದರು. ನನಗೆ ನೋಡಲಾಗಲಿಲ್ಲ.

"ಕೊಡಿ ಇಲ್ಲಿ. ನೀವು ಹೇಳಿ, ನಾನು ಹೊಡೀತೇನೆ" ಎಂದೆ.

"ಇದು ಮದುವೆ ಕಾಗದ ಅಲ್ಲ ಮಾರಾಯ್ತಿ, ಪೈಥಾನ್, ಕಂಪ್ಯೂಟರಿನ ಭಾಷೆ. ಒಂದು ಚುಕ್ಕಿ ತಪ್ಪಿದ್ರೆ ನಡೆಯುದಿಲ್ಲ."

"ಮದುವೆ ಕಾಗದದಲ್ಲಿ ಒಂದು ಚುಕ್ಕಿ ತಪ್ಪಿದ್ರೆ ಎಂತ ಆಗ್ತದೆ ಅಂತ ನಿಮಗೆ ಗೊತ್ತಿಲ್ಲ."

ಅವರು ನಕ್ಕರು. ಅಂದಿನಿಂದ ಅವರು ಹೇಳುತ್ತ ಹೋದರು, ನಾನು ಹೊಡೆಯುತ್ತ ಹೋದೆ. ಅರ್ಥವಾಗದೆ ಹೊಡೆಯುವುದು ಒಂದು ವಾರ ಸರಿ. ಆಮೇಲೆ ಬಾಯಿ ಸುಮ್ಮನಿರುವುದಿಲ್ಲ. ನಾನು ಕೇಳತೊಡಗಿದೆ. ಅವರಿಗೂ ಹೊತ್ತು ಹೋಗಬೇಕಿತ್ತು, ಹೇಳಿಕೊಟ್ಟರು.

ವಾರ್ಡಿನಲ್ಲಿ ನಮ್ಮ ಪಕ್ಕದ ಹಾಸಿಗೆ ಬೆಳ್ಳಾರೆ ಕಡೆಯ ಕಮಲಕ್ಕನದು. ಅರುವತ್ತು ದಾಟಿದವರು, ಬಾಯಿ ತುಂಬ ಮಾತು. ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಬರುತ್ತಿದ್ದರು. ವಾಪಸು ಹೋಗುವಾಗ ಮೈಯಲ್ಲಿ ಜೀವ ಇರುತ್ತಿರಲಿಲ್ಲ. ಅದೇ ದಾರಿಯಲ್ಲಿ, ಅದೇ ದಿನ, ಸುಳ್ಯದ ಒಬ್ಬರು ಬಾಡಿಗೆಗೆ ಓಡಿಸುವ ಹಮೀದಾಕನ ಜೀಪನ್ನು ತಮ್ಮೊಬ್ಬರಿಗೇ ಗೊತ್ತು ಮಾಡಿಕೊಂಡು ಬರುತ್ತಿದ್ದರು. ಕಡಬದ ಕಡೆಯವರದೂ ಇದೇ ಕಥೆ. ಒಬ್ಬರಿಗೊಬ್ಬರು ಗೊತ್ತಿಲ್ಲ. ವಾರ್ಡಿನೊಳಗೆ ಎಲ್ಲರೂ ಯಂತ್ರಕ್ಕೆ ಕಟ್ಟಿಕೊಂಡು ನಿದ್ದೆ ಹೋಗುವುದರಿಂದ ಮಾತೂ ಕಡಿಮೆ.

"ಇವರನ್ನೆಲ್ಲ ಒಂದೇ ಗಾಡಿಗೆ ಹತ್ತಿಸುದು ಅಷ್ಟು ಕಷ್ಟದ್ದಾ?" ಎಂದು ದಿನೇಶ್ ಒಂದು ದಿನ ಕೇಳಿದರು. ನನ್ನನ್ನಲ್ಲ, ತಮ್ಮನ್ನೇ.

ಹಾಗೆ ಶುರುವಾಯಿತು. ಯಾರು ಯಾವ ದಿನ ಬರುತ್ತಾರೆ, ಎಲ್ಲಿ ಹತ್ತುತ್ತಾರೆ ಎಂಬುದು ಒಂದು ಪುಟದಲ್ಲಿ ಕಾಣಬೇಕು. ಗಾಡಿಯವರು ಬೆಳಿಗ್ಗೆ ತಮ್ಮ ಮೊಬೈಲಿನಲ್ಲಿ ಅದನ್ನು ನೋಡಿ ಹೊರಡಬೇಕು. ಹಿಂದಿನ ಸಂಜೆ ಎಲ್ಲರಿಗೂ ತಾನಾಗಿ ಮೆಸೇಜ್ ಹೋಗಬೇಕು. ಅವರು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ 'ಯೂಸರ್' ಎಂಬುದೊಂದು ಸಿದ್ಧವಾಗಿಯೇ ಸಿಗುತ್ತದೆ. ಹೆಸರು, ಪಾಸ್‌ವರ್ಡ್, ಈಮೈಲ್. ಅಷ್ಟೇ.

"ಕಮಲಕ್ಕನಿಗೆ ಈಮೈಲ್ ಎಂತಕ್ಕೆ?" ಎಂದೆ.

"ಅದಕ್ಕೇ ಪ್ರೊಫೈಲ್ ಅಂತ ಇನ್ನೊಂದು ಮಾಡುದು. ಈ ಯೂಸರನ್ನು ಮುಟ್ಟುದು ಬೇಡ. ಬದಿಯಲ್ಲಿ ಒಂದು ಪ್ರೊಫೈಲ್ ಇಟ್ಟು, ಒಬ್ಬರಿಗೆ ಒಂದೇ ಅಂತ ಗಂಟು ಹಾಕುದು. ನಮಗೆ ಬೇಕಾದ್ದೆಲ್ಲ ಅದರಲ್ಲಿ. ಬೇಕಾದಾಗ ಯೂಸರ್ ಚುಕ್ಕಿ ಪ್ರೊಫೈಲ್ ಚುಕ್ಕಿ ಊರು ಅಂತ ಕೇಳಿದ್ರೆ ಊರು ಬರ್ತದೆ."

"ಚುಕ್ಕಿ ಇಟ್ಟು ಕರೆದರೆ ಸಾಕಾ?"

"ಕರೆದ್ರೆ ಸಾಕು."

ಪ್ರೊಫೈಲಿನಲ್ಲಿ ಏನೇನು ಇರಬೇಕೆಂದು ಅವರು ವಾರ್ಡಿನಲ್ಲಿ ಮಲಗಿದವರನ್ನೇ ಕೇಳಿದರು. ಊರು, ದಿನ, ಹತ್ತುವ ಜಾಗ. ನರ ಜೋಡಿಸಿದ್ದು ಯಾವ ಕೈ ಎಂಬುದು ಕಮಲಕ್ಕ ಹೇಳಿದ್ದು. ಬಸ್ಸಿಗೆ ಹತ್ತಿಸುವಾಗ ಯಾರೋ ಆ ಕೈಯನ್ನೇ ಹಿಡಿದು ಎಳೆದಿದ್ದರಂತೆ. ಕೊನೆಯದು, ಜೊತೆಗೆ ಬರುವವರು. ಅವರ ಹೆಸರು ಮತ್ತು ಫೋನ್ ನಂಬರ್. ಗಾಡಿಯವರಿಗೆ ಇಷ್ಟು ಮಾತ್ರ ಕಾಣಬೇಕು, ಕಾಯಿಲೆಯ ವಿವರ ಕಾಣಬಾರದು ಎಂದು ದಿನೇಶ್ ಹಟ ಹಿಡಿದು ಎರಡು ದಿನ ಅದಕ್ಕೇ ಕೂತರು. "ಜೀಪಿಗೆ ಹತ್ತುದು ಮನುಷ್ಯ, ರಿಪೋರ್ಟ್ ಅಲ್ಲ" ಎಂದರು.

ಮಳೆ ಹಿಡಿಯುವ ಹೊತ್ತಿಗೆ ಪುಟ ಸಿದ್ಧವಾಯಿತು. ಜನ ಮೆಚ್ಚಿಕೊಂಡರು. ದಿನೇಶ್ ಮಾತ್ರ ಅಣ್ಣನ ಕಾರಿನಲ್ಲಿ ಬರುತ್ತಿದ್ದರು. ಅಣ್ಣನಿಗೆ ಕೆಲಸದ ಒತ್ತಡ ಹೆಚ್ಚಿದ ಮೇಲೆ ನಾವೂ ಜೀಪಿನಲ್ಲೇ ಬರುವುದೆಂದು ನಿಶ್ಚಯಿಸಿದೆವು. ದಿನೇಶ್ ತಮ್ಮ ಹೆಸರನ್ನೂ ಮರುದಿನದ ಪ್ರಯಾಣಿಕರಲ್ಲಿ ಸೇರಿಸಿದರು.

ಮರುದಿನ ಬೆಳಿಗ್ಗೆ ಆಕಾಶ ಕಳಚಿ ಬೀಳುವಂಥ ಮಳೆ. ಐವರ್ನಾಡು ಕ್ರಾಸಿನ ಬಸ್ ತಂಗುದಾಣದಲ್ಲಿ ನಿಂತಿದ್ದೆವು. ಹಮೀದಾಕನ ಫೋನ್ ಬಂತು.

"ಪುಷ್ಪಕ್ಕ, ಪೇಜ್ ಓಪನ್ ಆಗುದಿಲ್ಲ ಮಾರಾಯ್ರೆ. ಎಂತದೋ ಇಂಗ್ಲಿಷಿನಲ್ಲಿ ಬರ್ತದೆ. ಇವತ್ತು ಹೊಸಬರು ಇಬ್ಬರು ಇದ್ದಾರಂತೆ, ಅವರನ್ನು ಎಲ್ಲಿಂದ ಹತ್ತಿಸುದು?"

ಕಡಬದ ಗಾಡಿಯವನಿಗೂ ಕಾಣುತ್ತಿರಲಿಲ್ಲ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುವವರು ಅವರೆಲ್ಲ. ನಾನು ತಂಗುದಾಣದ ಕಟ್ಟೆಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ದಿನೇಶ್ ಕೊಡೆಯನ್ನು ನನಗಲ್ಲ, ಲ್ಯಾಪ್‌ಟಾಪಿಗೆ ಹಿಡಿದು, ಬಗ್ಗಿ ಓದಿದರು. ಈ ಯೂಸರಿಗೆ ಪ್ರೊಫೈಲ್ ಇಲ್ಲ ಎಂದು ಬರೆದಿತ್ತು.

"ಯಾರಿಗೆ ಇಲ್ಲ?"

ಅವರು ಆ ಸಾಲನ್ನು ಇನ್ನೊಂದು ಸಲ ಓದಿದರು. ಆಮೇಲೆ, "ನನಗೆ" ಎಂದರು.

ಅವರ ಖಾತೆ ಎಲ್ಲಕ್ಕಿಂತ ಮೊದಲು ಮಾಡಿದ್ದು, ಪ್ರೊಫೈಲ್ ಎಂಬುದೇ ಇನ್ನೂ ಹುಟ್ಟದಿದ್ದಾಗ. ಆಮೇಲೆ ಬಂದವರಿಗೆಲ್ಲ ಹೆಸರು ಸೇರಿಸಿದ ಕೂಡಲೇ ಪ್ರೊಫೈಲ್ ತಾನಾಗಿ ಆಗುತ್ತಿತ್ತು. ಅವರೊಬ್ಬರಿಗೆ ಆಗಿರಲಿಲ್ಲ. ಪುಟ ಒಬ್ಬೊಬ್ಬರದಾಗಿ ಊರು ಕೇಳುತ್ತ ಬಂದು, ಅವರಲ್ಲಿಗೆ ತಲುಪಿ, ಉತ್ತರ ಸಿಗದೆ ನಿಂತುಬಿಟ್ಟಿತ್ತು.

ಅವರು ಹೇಳಿದ ಹಾಗೆ ಒಂದು ಸಾಲು ಹೊಡೆದೆ. ಪ್ರೊಫೈಲ್ ಇದ್ದರೆ ತಾ, ಇಲ್ಲದಿದ್ದರೆ ಮಾಡಿ ತಾ ಎಂದು ಅದರ ಅರ್ಥ. ಪುಟ ತೆರೆದುಕೊಂಡಿತು. ಹಮೀದಾಕ "ಬಂತು ಬಂತು" ಎಂದು ಫೋನ್ ಇಟ್ಟ. ದಿನೇಶರ ಹೆಸರಿನ ಮುಂದೆ ಎಲ್ಲ ಖಾಲಿ ಇತ್ತು. ನಾನೇ ತುಂಬಿಸಿದೆ. ಊರು ಐವರ್ನಾಡು. ಕೈ ಎಡ. ಜೊತೆಗೆ ಬರುವವರು ಎಂಬಲ್ಲಿಗೆ ಬಂದಾಗ ಅವರ ಮುಖ ನೋಡಿದೆ.

"ಎಂತ ನೋಡುದು? ಹಾಕು, ಪುಷ್ಪಾ ಅಂತ" ಎಂದರು.

ನನ್ನ ಹೆಸರನ್ನು ನಾನು ಅದೆಷ್ಟು ಸಲ ಟೈಪ್ ಮಾಡಿದ್ದೇನೋ. ಮಳೆಯ ಎರಚಲಿಗೆ ಒದ್ದೆಯಾದ ಬೆರಳಿನಲ್ಲಿ ಆ ದಿನ ಹೊಡೆದದ್ದು ಮಾತ್ರ ಬೇರೆ.

ಆ ಜೀಪಿನ ದಿನಗಳು ಕೆಟ್ಟವಾಗಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಕಮಲಕ್ಕ ದಾರಿಯುದ್ದಕ್ಕೂ ತಮ್ಮ ಸೊಸೆಯ ಅಡುಗೆಯನ್ನು ಬೈಯುತ್ತ, ಆಕೆ ಕಟ್ಟಿಕೊಟ್ಟ ಇಡ್ಲಿಯನ್ನು ಎಲ್ಲರಿಗೂ ಹಂಚುತ್ತಿದ್ದರು. ಸುತ್ತಲೂ ನೀರೇ ನೀರು, ಇವರಿಗೆಲ್ಲ ಕುಡಿಯಲು ಗುಟುಕಿನ ಲೆಕ್ಕ. ದಿನೇಶ್ ಜೀಪಿನಿಂದ ಬಲಗೈಯನ್ನು ಹೊರಗೆ ಚಾಚಿ, ಅಂಗೈಯಲ್ಲಿ ಬಿದ್ದ ಹನಿಗಳಿಂದ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಹಮೀದಾಕ ಕನ್ನಡಿಯಲ್ಲಿ ಅದನ್ನು ಕಂಡರೂ ಕಾಣದ ಹಾಗೆ ಗಾಡಿಯನ್ನು ನಿಧಾನ ಮಾಡುತ್ತಿದ್ದ.

ಕಿಡ್ನಿ ಕೊಡುವ ಮಾತೂ ಆ ಜೀಪಿನಲ್ಲೇ ಬಂದದ್ದು. ನನ್ನ ರಕ್ತದ ಗುಂಪು ಅವರಿಗೆ ಹೊಂದುತ್ತಿತ್ತು. ಮಂಗಳೂರಿನಲ್ಲಿ ಮೊದಲ ಪರೀಕ್ಷೆಗಳೂ ಸರಿ ಬಂದಿದ್ದವು. ಅವರು ಮಾತ್ರ ಒಪ್ಪುತ್ತಿರಲಿಲ್ಲ.

"ನಿನ್ನ ಕೈಯಲ್ಲಿ ಟೈಪ್ ಮಾಡಿಸಿಕೊಳ್ತಾ ಇದ್ದೇನಲ್ಲ, ಅದೇ ಜಾಸ್ತಿ."

"ಅದು ಬೇರೆ, ಇದು ಬೇರೆ."

"ನಾಳೆ ನಿನಗೆ ಏನಾದ್ರೂ ಆದ್ರೆ?"

ಕಮಲಕ್ಕ ಹಿಂದಿನಿಂದ ಹೇಳಿದರು, "ಕೊಡ್ತೇನೆ ಅನ್ನುವವಳು ಸಿಕ್ಕಿದ್ದಾಳೆ. ಸುಮ್ಮನೆ ತಗೊಳ್ಳಿ. ನನಗೆ ಬೇಕಾ ಅಂತ ಕೇಳಿದವರೂ ಇಲ್ಲ."

ಆ ದಿನ ವಾರ್ಡಿನಲ್ಲಿ ಸೂಜಿ ಚುಚ್ಚಿದ ಮೇಲೆ ದಿನೇಶ್ ಕಣ್ಣು ಮುಚ್ಚಿಕೊಂಡೇ, "ಅಷ್ಟಮಿ ಕಳೆದ ಮೇಲೆ ಮಂಗಳೂರಿಗೆ ಹೋಗುವ, ಉಳಿದ ಪರೀಕ್ಷೆ ಮಾಡಿಸಿಕೊಂಡು ಬರುವ" ಎಂದರು. ನಾನು ಸ್ಕ್ರೀನಿನಿಂದ ತಲೆ ಎತ್ತಲಿಲ್ಲ. ಎತ್ತಿದರೆ ಅಳುತ್ತಿದ್ದೆ.

ಜುಲೈ ನಡುವಿಗೆ ಆಟಿ ತಿಂಗಳು ಶುರುವಾಗಿ ಕೆಲವೇ ದಿನಕ್ಕೆ ಕಮಲಕ್ಕ ಮನೆಯಲ್ಲಿ ಮಲಗಿದವರು ಏಳಲಿಲ್ಲ. ಬೆಳ್ಳಾರೆಗೆ ಹೋಗಿ ನೋಡಿ ಬಂದೆವು. ಅವರ ಮುಂದಿನ ಸರದಿಯ ಹಿಂದಿನ ಸಂಜೆ ಮಗನ ಫೋನ್ ಬಂತು. ಸಿಟ್ಟಿರಲಿಲ್ಲ, ಬಳಲಿದ ದನಿ.

"ನಾಳೆ ನಿಮ್ಮ ಸರದಿ, ಗಾಡಿ ಬರ್ತದೆ ಅಂತ ಅಮ್ಮನ ಹೆಸರಿಗೆ ಮೆಸೇಜ್ ಬಂದಿದೆ. ಅಪ್ಪ ಓದಿದ್ರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಅದನ್ನೊಂದು ನಿಲ್ಲಿಸ್ಲಿಕ್ಕೆ ಆಗ್ತದಾ?"

ದಿನೇಶ್ ತಕ್ಷಣ ಕೂತರು. ಕಮಲಕ್ಕನ ಹೆಸರನ್ನು ಅಳಿಸಿಬಿಡಿ, ಮುಗಿಯಿತಲ್ಲ ಎಂದೆ ನಾನು.

"ಯೂಸರನ್ನು ಅಳಿಸಿದ್ರೆ ಪ್ರೊಫೈಲೂ ಹೋಗ್ತದೆ. ಅವರು ಬಂದ ದಿನಗಳೆಲ್ಲ ಒಟ್ಟಿಗೇ ಹೋಗ್ತವೆ. ಅವರು ಜೀಪಿನಲ್ಲಿ ಇದ್ದದ್ದೇ ಸುಳ್ಳು ಅಂತ ಆಗ್ತದೆ. ಬೇಡ."

ಪ್ರೊಫೈಲಿನಲ್ಲಿ ಇನ್ನೊಂದನ್ನು ಸೇರಿಸುವುದೆಂದಾಯಿತು, ಹೌದು ಅಥವಾ ಅಲ್ಲ ಎನ್ನುವಂಥದ್ದು. ಅದಕ್ಕೊಂದು ಹೆಸರು ಬೇಕು. ನನಗೆ ಅಂಗಡಿಯ ರೂಢಿ. "ನಿಧನ ಅಂತ ಇಡುವ" ಎಂದೆ.

"ಬೇಡ. ಬರ್ತಾರೆ ಅಂತ ಇಡು. ಬರ್ತಾರೆ, ಹೌದು. ಬರ್ತಾರೆ, ಇಲ್ಲ. ಆಸ್ಪತ್ರೆ ಬದಲಾಯಿಸಿದವರೂ ಇರಬಹುದು. ಕಿಡ್ನಿ ಸಿಕ್ಕಿ ಗುಣ ಆದವರೂ ಇರಬಹುದು. ಯಾಕೆ ಬರುದಿಲ್ಲ ಅಂತ ಕಂಪ್ಯೂಟರಿಗೆ ಗೊತ್ತಾಗಬೇಕಂತ ಇಲ್ಲ."

ಹೇಳುವಾಗ ಅವರಿಗೆ ಕೆಮ್ಮು ಬರುತ್ತಿತ್ತು. ನೆಗಡಿ ಎಂದುಕೊಂಡೆವು. ಎರಡು ದಿನದಲ್ಲಿ ಜ್ವರ ಏರಿತು. ಪುತ್ತೂರಿನಿಂದ ಮಂಗಳೂರಿಗೆ ಕಳಿಸಿದರು. ಶ್ವಾಸಕೋಶಕ್ಕೆ ಸೋಂಕು ಇಳಿದಿದೆ ಎಂದರು. ಐಸಿಯುವಿನೊಳಗೆ ದಿನಕ್ಕೊಂದು ಸಲ ಬಿಡುತ್ತಿದ್ದರು. ಬಾಯಿಗೆ ಕೊಳವೆ ಹಾಕಿದ್ದರಿಂದ ಅವರು ಮಾತಾಡುವ ಹಾಗಿರಲಿಲ್ಲ. ನಾನು ಎಡಗೈಯ ಆ ಜಾಗದಲ್ಲಿ ಬೆರಳಿಟ್ಟು ನಿಲ್ಲುತ್ತಿದ್ದೆ. ಒಳಗೆ ಹರಿಯುತ್ತಿತ್ತು. ಹರಿಯುವಷ್ಟು ದಿನ ಭಯವಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅಷ್ಟಮಿಗೆ ಇನ್ನೂ ದಿನಗಳಿದ್ದವು. ಒಂದು ಮಧ್ಯಾಹ್ನ ಒಳಗೆ ಕರೆದರು. ಅಭ್ಯಾಸದಂತೆ ಬೆರಳಿಟ್ಟೆ. ಕೈ ಇನ್ನೂ ಬೆಚ್ಚಗಿತ್ತು. ಒಳಗೆ ಏನೂ ಇರಲಿಲ್ಲ.

ಮನೆ ತುಂಬ ಜನ ಸೇರಿದರು, ಕಾರ್ಯಗಳಾದವು. ಅತ್ತೆ ನನ್ನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಮನೆಮಾತಾದ ಅರೆಭಾಷೆಯಲ್ಲಿ ಮಗನಿಗೆ ಹೇಳುವುದನ್ನೆಲ್ಲ ನನಗೆ ಹೇಳಿದರು. ಉತ್ತರಕ್ರಿಯೆಯ ಕಾಗದವನ್ನು ಅಂಗಡಿಯಲ್ಲಿ ಬೇರೆ ಯಾರೋ ಟೈಪ್ ಮಾಡಿದರು. ಒಂದು ಅಕ್ಷರದ ದೀರ್ಘ ತಪ್ಪಿತ್ತು. ನಾನು ಯಾರಿಗೂ ಹೇಳಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ, ಅಂಗಳದಲ್ಲಿ ನೆಂಟರು ಮಾತಾಡುತ್ತಿರುವಾಗ ನನ್ನ ಮೊಬೈಲ್ ಸದ್ದು ಮಾಡಿತು. 'ದಿನೇಶ್, ನಾಳೆ ನಿಮ್ಮ ಸರದಿ. ಬೆಳಿಗ್ಗೆ ಐವರ್ನಾಡು ಕ್ರಾಸಿಗೆ ಗಾಡಿ ಬರುತ್ತದೆ. ಜೊತೆಗೆ ಬರುವವರು ಪುಷ್ಪಾ.' ಮಂಗಳೂರಿನಲ್ಲಿದ್ದಾಗಲೂ ಅದು ಬಂದಿದ್ದಿರಬೇಕು, ನಾನು ನೋಡಿರಲಿಲ್ಲ. ಈ ವಾಕ್ಯಗಳನ್ನು ಅವರು ಹೇಳಿದ್ದು, ನಾನು ಹೊಡೆದದ್ದು. 'ಗಾಡಿ ಬರುತ್ತದೆ' ಎಂಬಲ್ಲಿ 'ಬರುವುದು' ಎಂದಿರಲಿ ಎಂದು ನಾನು ವಾದ ಮಾಡಿದ್ದೆ. ಅದೂ ನೆನಪಾಯಿತು.

ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು ಕ್ರಾಸಿಗೆ ಹೋದೆ. ಯಾಕೆ ಹೋದೆನೆಂದು ಈಗಲೂ ಹೇಳಲಾರೆ. ಗಾಡಿ ಬರುತ್ತದೆ ಎಂದಿತ್ತು, ಹೋದೆ. ಜೀಪು ಬಂತು, ನನ್ನನ್ನು ಕಂಡು ನಿಂತಿತು. ಹಮೀದಾಕ ಮಣ್ಣಿಗೆ ಬಂದವನೇ, ಎಲ್ಲ ಗೊತ್ತಿದ್ದವನೇ. ಇಳಿದು ಬಂದು ಬಾಗಿಲು ತೆರೆದು ಹಿಡಿದ.

"ಕೂತ್ಕೊಳ್ಳಿ ಪುಷ್ಪಕ್ಕ" ಎಂದ, ಅಷ್ಟೇ.

ಒಳಗಿದ್ದವರು ಸರಿದು ಜಾಗ ಕೊಟ್ಟರು. ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಪುತ್ತೂರು ಬರುವ ತನಕ ಯಾರೂ ಅಲ್ಲಿಗೆ ಸರಿದು ಕೂರಲಿಲ್ಲ.

ವಾರ್ಡಿನಲ್ಲಿ ಅವರ ಹಾಸಿಗೆಯಲ್ಲಿ ಬೇರೆಯವರಿದ್ದರು. ಸಿಸ್ಟರ್ ಲಿಲ್ಲಿ ನನ್ನನ್ನು ಕಂಡು ಕೈಯಲ್ಲಿದ್ದುದನ್ನು ಕೆಳಗಿಟ್ಟು ಬಂದರು. ಒಳಗೆ ಏಸಿಗೆ ಚಳಿಯಾಗುತ್ತದೆಂದು ದಿನೇಶ್ ಇಟ್ಟುಕೊಂಡಿದ್ದ ಶಾಲನ್ನು ಒಗೆಸಿ ಮಡಚಿ ಇಟ್ಟಿದ್ದರು. "ನೀವು ಬರ್ತೀರಂತ ಗೊತ್ತಿತ್ತು" ಎಂದು ಕೊಟ್ಟರು. ಒಗೆಯಬಾರದಿತ್ತು ಎಂದು ನನಗೆ ಅನಿಸಿತು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಏನೆಂದು ಹೇಳಲಿ.

ಹೊರಗಿನ ಬೆಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಅವರ ಪ್ರೊಫೈಲಿಗೆ ಹೋದೆ. ಊರು, ದಿನ, ಕೈ, ನನ್ನ ಹೆಸರು. ಕೆಳಗೆ 'ಬರ್ತಾರೆ' ಎಂಬುದರ ಮುಂದಿನ ಚೌಕದಲ್ಲಿ ಗುರುತು. ಪಕ್ಕದಲ್ಲಿ ಒಬ್ಬರು ರೋಗಿಯ ಕಡೆಯವರು ಕಡಲೆ ತಿನ್ನುತ್ತಿದ್ದರು. ಆಚೆ ಮಳೆ ಸುರಿಯುತ್ತಿತ್ತು. ನಾಲ್ಕು ಗಂಟೆ ಕೂತೆ. ಜೀಪಿನವರೆಲ್ಲರದೂ ಮುಗಿದು, ಒಬ್ಬೊಬ್ಬರೇ ಗೋಡೆ ಹಿಡಿದು ಹೊರಗೆ ಬರತೊಡಗಿದಾಗ, ಹಮೀದಾಕ ಹಾರ್ನ್ ಮಾಡಿದಾಗ, ಆ ಗುರುತನ್ನು ತೆಗೆದು 'ಉಳಿಸಿ' ಎಂಬುದನ್ನು ಒತ್ತಿದೆ. ಯಶಸ್ವಿಯಾಗಿ ಬದಲಾಯಿಸಲಾಗಿದೆ ಎಂದು ಮೇಲೆ ಹಸಿರು ಪಟ್ಟಿಯಲ್ಲಿ ಬಂತು. ಅದು ಪ್ರತಿ ಸಲ ಬರುವ ಮಾತು. ಆದರೂ ನಾನು ಆ ಬೆಂಚಿನಲ್ಲೇ ಬಗ್ಗಿ, ಶಾಲಿಗೆ ಮುಖವೊತ್ತಿ ಅತ್ತೆ. ಕಡಲೆ ತಿನ್ನುತ್ತಿದ್ದವರು ಎದ್ದು ನೀರು ತಂದುಕೊಟ್ಟರು.

ಪುಟ ನಿಲ್ಲಲಿಲ್ಲ. ದಿನೇಶರ ಆಫೀಸಿನವರು ಸ್ವಲ್ಪ ಸಮಯ ನೋಡಿಕೊಂಡರು. ಆಮೇಲೆ ಬಿಡುವಿಲ್ಲವೆಂದಾಗ ನಾನೇ ವಹಿಸಿಕೊಂಡೆ. ಅಂಗಡಿಯ ಕೆಲಸ ಮುಗಿಸಿ ಬಂದು ಕೂರುತ್ತೇನೆ. ಗೊತ್ತಾಗದಿದ್ದರೆ ಅವರ ಗೆಳೆಯರನ್ನು ಕೇಳುತ್ತೇನೆ. ಹೊಸಬರು ಬಂದಾಗ ಪ್ರೊಫೈಲ್ ತುಂಬಿಸಲು ಫೋನ್ ಮಾಡುವುದೂ ನಾನೇ.

ಹೋದ ವಾರ ಕಡಬದ ಆಚೆ, ನೆಟ್ಟಣದಿಂದ ಒಬ್ಬರು ಸೇರಿದರು. ಫೋನ್ ಎತ್ತಿದ್ದು ಅವರ ಹೆಂಡತಿ. ಸಣ್ಣ ಪ್ರಾಯದ ದನಿ. ಊರು ಕೇಳಿದೆ, ಹತ್ತುವ ಜಾಗ ಕೇಳಿದೆ, ಯಾವ ಕೈ ಎಂದು ಕೇಳಿದೆ.

"ಅದು ಎಂತಕ್ಕೆ?" ಎಂದಳು.

"ಹತ್ತಿಸುವಾಗ ಆ ಕೈ ಹಿಡೀಬಾರ್ದು, ಅದಕ್ಕೆ."

"ಓ. ಬಲಗೈ. ನೀವು ಆಸ್ಪತ್ರೆಯವರಾ?"

"ಅಲ್ಲ. ನನ್ನ ಯಜಮಾನ್ರೂ ಅಲ್ಲಿಗೇ ಬರ್ತಾ ಇದ್ದದ್ದು."

ಇಷ್ಟು ಹೊತ್ತು ಯಾರನ್ನು ಕೇಳುವುದೆಂದು ಕಾಯುತ್ತಿದ್ದವಳ ಹಾಗೆ, "ಅಕ್ಕ, ಅವರಿಗೆ ಈಗ ಹೇಗುಂಟು?" ಎಂದು ಕೇಳಿದಳು.

ಸೌಟು ತಾಗಿದ ಸದ್ದು ಕೇಳಿಸಿತು. ಅಡುಗೆ ಮಾಡುತ್ತಿದ್ದಳೋ ಏನೋ.

"ಮೊದಲ ದಿನ ಸ್ವಲ್ಪ ಸುಸ್ತಾಗ್ತದೆ" ಎಂದೆ. "ಹೆದರುದು ಬೇಡ. ಒಳಗೆ ಚಳಿ ಇರ್ತದೆ, ಒಂದು ಶಾಲು ತಗೊಂಡು ಹೋಗಿ. ಹೊರಗೆ ಬಂದ ಕೂಡಲೇ ಅವರಿಗೆ ಹಸಿವಾಗ್ತದೆ, ಎಂತಾದರೂ ತಿನ್ಲಿಕ್ಕೆ ಕಟ್ಟಿಕೊಂಡು ಹೋಗಿ. ಇಡ್ಲಿ ಆದ್ರೆ ಒಳ್ಳೆದು."

"ಆಯ್ತಕ್ಕ" ಎಂದಳು.

"ಜೊತೆಗೆ ಯಾರು ಹೋಗುದು?"

"ನಾನೇ" ಎಂದು ತನ್ನ ಹೆಸರು ಹೇಳಿದಳು. ನಾನು ಅದನ್ನು ಟೈಪ್ ಮಾಡಿ, ತಪ್ಪಿಲ್ಲವಷ್ಟೆ ಎಂದು ಇನ್ನೊಂದು ಸಲ ಓದಿ ನೋಡಿದೆ.